ಸಂಬಳ ಮುಟ್ಟದ ಮೇಷ್ಟ್ರು: ಜಗದೀಶ ಚಂದ್ರ ಬೋಸ್ ಮತ್ತು ರೇಡಿಯೋದ ಪ್ರಶ್ನೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಒಂದು ಅಂಕ. ಒಂಬತ್ತನೇ ತರಗತಿಯಲ್ಲಿದ್ದಾಗ ತಾಲ್ಲೂಕು ಮಟ್ಟದ ವಿಜ್ಞಾನ ರಸಪ್ರಶ್ನೆಗೆ ಹೋಗಿದ್ದೆವು. ರೇಡಿಯೋ ಕಂಡುಹಿಡಿದವರು ಯಾರು ಎಂಬ ಪ್ರಶ್ನೆ ಮೊದಲು ಬೇರೊಂದು ಶಾಲೆಯ ಹುಡುಗಿಗೆ ಬಂತು. ಆಕೆ ಜಗದೀಶ ಚಂದ್ರ ಬೋಸ್ ಎಂದಳು. ತಪ್ಪು ಎಂದರು. ಪ್ರಶ್ನೆ ನಮ್ಮ ತಂಡಕ್ಕೆ ದಾಟಿತು. ನಾನು ಮಾರ್ಕೋನಿ ಎಂದೆ. ಆ ಒಂದು ಅಂಕದಿಂದ ನಾವು ಗೆದ್ದೆವು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ವಿಜ್ಞಾನ ಮೇಷ್ಟ್ರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಪುಸ್ತಕದ ಪ್ರಕಾರ ನಿನ್ನ ಉತ್ತರ ಸರಿ, ಆದರೆ ಆ ಹುಡುಗಿ ಪೂರ್ತಿ ತಪ್ಪಲ್ಲ ಕಣೋ ಎಂದರು. ಊರು ಬರುವ ತನಕ ಬೋಸ್ ಅವರ ಕಥೆ ಹೇಳಿದರು. ಆಗ ನನ್ನ ಗಮನವೆಲ್ಲ ಕೈಯಲ್ಲಿದ್ದ ಸ್ಟೀಲ್ ಲೋಟದ ಬಹುಮಾನದ ಮೇಲಿತ್ತು. ಆ ಕಥೆ ನಿಜವಾಗಿ ಕಿವಿಗೆ ಬಿದ್ದದ್ದು ಬಹಳ ವರ್ಷಗಳ ನಂತರ, ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಮೇಷ್ಟ್ರು ಹೇಳಿದ ಕಥೆ, ಮುಂದೆ ನಾನೇ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ.

ಜಗದೀಶ ಚಂದ್ರ ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಆಗಿನ ಬಂಗಾಳದ ಮೈಮೆನ್‌ಸಿಂಗ್‌ನಲ್ಲಿ. ಇಂದು ಅದು ಬಾಂಗ್ಲಾದೇಶದಲ್ಲಿದೆ. ತಂದೆ ಭಗವಾನ್ ಚಂದ್ರ ಬೋಸ್ ಬ್ರಹ್ಮ ಸಮಾಜದವರು, ಫರೀದ್‌ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದವರು. ಸರ್ಕಾರಿ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ಅಂದಿನ ಪದ್ಧತಿ. ಆದರೆ ಭಗವಾನ್ ಚಂದ್ರರು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಮಗು ಮೊದಲು ತನ್ನ ಭಾಷೆಯನ್ನೂ ತನ್ನ ಜನರನ್ನೂ ತಿಳಿಯಬೇಕು ಎಂಬುದು ಅವರ ನಿಲುವು. ಅಲ್ಲಿ ಬಾಲಕ ಜಗದೀಶನ ಒಂದು ಪಕ್ಕದಲ್ಲಿ ಅವರ ಮನೆಯ ಮುಸ್ಲಿಂ ಸೇವಕನ ಮಗ, ಇನ್ನೊಂದು ಪಕ್ಕದಲ್ಲಿ ಬೆಸ್ತರ ಹುಡುಗ ಕೂರುತ್ತಿದ್ದರು. ಹಕ್ಕಿಗಳ, ಮೃಗಗಳ, ನೀರಿನ ಜೀವಿಗಳ ಕಥೆಗಳನ್ನು ಅವರ ಬಾಯಿಂದ ಕೇಳಿದ್ದರಿಂದಲೇ ಪ್ರಕೃತಿಯ ಬಗ್ಗೆ ತಮಗೆ ಕುತೂಹಲ ಹುಟ್ಟಿತೆಂದು ಬೋಸ್ ಮುಂದೆ ಅನೇಕ ಸಲ ನೆನೆಸಿಕೊಂಡಿದ್ದಾರೆ. ಕನ್ನಡ ಮಾಧ್ಯಮದ ನಮ್ಮ ಶಾಲೆಯ ಮಕ್ಕಳು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಹನ್ನೊಂದನೆಯ ವಯಸ್ಸಿನ ಹೊತ್ತಿಗೆ ಅವರು ಕಲ್ಕತ್ತೆಗೆ ಬಂದರು. ಮೊದಲು ಹೇರ್ ಸ್ಕೂಲ್, ನಂತರ ಸೇಂಟ್ ಝೇವಿಯರ್ ಶಾಲೆ ಮತ್ತು ಕಾಲೇಜು. ಅಲ್ಲಿ ಫಾದರ್ ಲಾಫೋ ಎಂಬ ಪಾದ್ರಿ ಭೌತವಿಜ್ಞಾನದ ಪಾಠ ಮಾಡುತ್ತಿದ್ದರು. ಪ್ರತಿಯೊಂದನ್ನೂ ಪ್ರಯೋಗ ಮಾಡಿ ತೋರಿಸಿದ ಮೇಲೆಯೇ ಮುಂದಕ್ಕೆ ಹೋಗುತ್ತಿದ್ದ ಗುರುಗಳು ಅವರು. 1879ರಲ್ಲಿ ಪದವಿ ಮುಗಿಯಿತು. ಜಗದೀಶರಿಗೆ ಇಂಗ್ಲೆಂಡಿಗೆ ಹೋಗಿ ಐ.ಸಿ.ಎಸ್. ಬರೆಯುವ ಆಸೆ. ತಂದೆ ಒಪ್ಪಲಿಲ್ಲ. ತಾನು ಆಳುವ ಕೆಲಸ ಮಾಡಿದ್ದು ಸಾಕು, ಮಗ ವಿದ್ವಾಂಸನಾಗಲಿ ಎಂಬುದು ಅವರ ಬಯಕೆ. ಆ ಹೊತ್ತಿಗೆ ತಂದೆ ಜನರಿಗೆ ಉಪಯೋಗವಾಗಲೆಂದು ಕೈಹಾಕಿದ ಉದ್ಯಮಗಳಲ್ಲಿ ನಷ್ಟವಾಗಿ ಮನೆಯ ತಲೆಯ ಮೇಲೆ ಸಾಲವೂ ಇತ್ತು.

1880ರಲ್ಲಿ ವೈದ್ಯಕೀಯ ಓದಲು ಲಂಡನ್ನಿಗೆ ಹೋದರು. ಮೈಯಲ್ಲಿದ್ದ ಜ್ವರ ಮತ್ತೆ ಮತ್ತೆ ಕಾಡಿ ಆ ಓದನ್ನು ಬಿಡಬೇಕಾಯಿತು. ಕೇಂಬ್ರಿಡ್ಜ್‌ನ ಕ್ರೈಸ್ಟ್ಸ್ ಕಾಲೇಜು ಸೇರಿ ನಿಸರ್ಗ ವಿಜ್ಞಾನ ಓದಿದರು. ಅಲ್ಲಿ ಲಾರ್ಡ್ ರೇಲಿಯವರಂಥ ಗುರುಗಳು ಸಿಕ್ಕರು. 1884ರಲ್ಲಿ ಕೇಂಬ್ರಿಡ್ಜ್‌ನ ಬಿ.ಎ., ಲಂಡನ್ ವಿಶ್ವವಿದ್ಯಾಲಯದ ಬಿ.ಎಸ್ಸಿ. ಎರಡನ್ನೂ ಪಡೆದು, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು.

ನಮ್ಮ ಮೇಷ್ಟ್ರು ಬಸ್ಸಿನಲ್ಲಿ ಎರಡು ಸಲ ಹೇಳಿದ ಭಾಗ ಇದು. ಭಾರತೀಯರಿಗೆ ಭೌತವಿಜ್ಞಾನದಂಥ ನಿಖರವಾದ ವಿಷಯ ಕಲಿಸುವ ಯೋಗ್ಯತೆ ಇಲ್ಲ ಎಂಬ ನಂಬಿಕೆ ಅಂದಿನ ಶಿಕ್ಷಣ ಇಲಾಖೆಯ ಮೇಲಧಿಕಾರಿಗಳಲ್ಲಿತ್ತು. ಒಂದೇ ಹುದ್ದೆಗೆ ಯುರೋಪಿಯನ್ನರಿಗೆ ಸಿಗುತ್ತಿದ್ದ ಸಂಬಳದ ಮೂರನೇ ಎರಡು ಭಾಗ ಮಾತ್ರ ಭಾರತೀಯರಿಗೆ. ಬೋಸ್ ಅವರದು ತಾತ್ಕಾಲಿಕ ನೇಮಕ, ಆದ್ದರಿಂದ ಅದರಲ್ಲೂ ಅರ್ಧ. ಅಂದರೆ ಬಿಳಿಯ ಅಧ್ಯಾಪಕರಿಗೆ ಮೂರು ರೂಪಾಯಿ ಸಿಕ್ಕರೆ ಇವರಿಗೆ ಒಂದು. ಬೋಸ್ ಜಗಳಕ್ಕೆ ನಿಲ್ಲಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ದಿನವೂ ಬಂದು ಪಾಠ ಮಾಡಿದರು, ತಿಂಗಳ ಕೊನೆಗೆ ಸಂಬಳ ಮಾತ್ರ ಮುಟ್ಟಲಿಲ್ಲ. ಹೀಗೆ ಮೂರು ವರ್ಷ. ಮನೆಯಲ್ಲಿ ತಂದೆಯ ಸಾಲ, 1887ರಲ್ಲಿ ಮದುವೆ. ಮದ್ರಾಸಿನಲ್ಲಿ ವೈದ್ಯಕೀಯ ಓದಿದ್ದ ಅಬಲಾ ದೇವಿ ಗಂಡನ ಹಟಕ್ಕೆ ಜೊತೆಯಾಗಿ ನಿಂತರು. ಕೊನೆಗೆ ಇಲಾಖೆಯೇ ಮಣಿದು ಅವರನ್ನು ಕಾಯಂ ಮಾಡಿ, ಹಿಂದಿನ ಮೂರು ವರ್ಷದ ಪೂರ್ಣ ಸಂಬಳವನ್ನು ಒಟ್ಟಿಗೆ ಕೊಟ್ಟಿತು. ಆ ಹಣ ತಂದೆಯ ಸಾಲಕ್ಕೆ ಹೋಯಿತು.

ಇಲ್ಲಿಯವರೆಗೆ ಅವರು ಒಳ್ಳೆಯ ಅಧ್ಯಾಪಕರು, ಸಂಶೋಧಕರಲ್ಲ. 1894ರಲ್ಲಿ, ತಮ್ಮ ಮೂವತ್ತಾರನೆಯ ಹುಟ್ಟುಹಬ್ಬದ ದಿನ, ಇನ್ನು ಮುಂದೆ ಹೊಸ ಜ್ಞಾನದ ಹುಡುಕಾಟಕ್ಕೆ ಬದುಕನ್ನು ಮೀಸಲಿಡಬೇಕೆಂದು ನಿಶ್ಚಯಿಸಿದರು. ಅವರು ಆರಿಸಿಕೊಂಡ ವಿಷಯ ಆಗ ಹೊಸದು. 1865ರಲ್ಲಿ ಮ್ಯಾಕ್ಸ್‌ವೆಲ್ ಬೆಳಕೂ ಒಂದು ವಿದ್ಯುತ್ಕಾಂತೀಯ ಅಲೆ ಎಂದು ಗಣಿತದಿಂದ ತೋರಿಸಿದ್ದರು. ಜರ್ಮನಿಯ ಹೈನ್‌ರಿಕ್ ಹರ್ಟ್ಸ್ 1887–88ರಲ್ಲಿ ಕಣ್ಣಿಗೆ ಕಾಣದ ಅಂಥ ಅಲೆಗಳನ್ನು ಕಿಡಿಯಿಂದ ಹುಟ್ಟಿಸಿ, ದೂರದಲ್ಲಿ ಹಿಡಿದು ತೋರಿಸಿದ್ದರು. ಫ್ರಾನ್ಸಿನ ಬ್ರಾನ್ಲಿ 1890ರಲ್ಲಿ ಲೋಹದ ಪುಡಿ ತುಂಬಿದ ಗಾಜಿನ ಕೊಳವೆಯಿಂದ ಈ ಅಲೆಗಳನ್ನು ಪತ್ತೆಹಚ್ಚುವ ಉಪಕರಣವನ್ನು ತೋರಿಸಿದ್ದರು. ಅದಕ್ಕೆ ಮುಂದೆ ಕೊಹೀರರ್ ಎಂದು ಹೆಸರಾಯಿತು. ಅಲೆ ಬಿದ್ದಾಗ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ ಹರಿಯುತ್ತದೆ. ಮತ್ತೆ ಕೆಲಸ ಮಾಡಬೇಕಾದರೆ ಕೊಳವೆಯನ್ನು ತಟ್ಟಿ ಕಣಗಳನ್ನು ಬಿಡಿಸಬೇಕು. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1894ರಲ್ಲಿ ಇದನ್ನೇ ಸುಧಾರಿಸಿ ಪ್ರಯೋಗ ತೋರಿಸಿದರು. ಲಾಡ್ಜ್ ಅವರ ಬರಹವೇ ಬೋಸ್ ಅವರನ್ನು ಈ ದಾರಿಗೆ ಎಳೆದದ್ದು.

ಕಾಲೇಜಿನಲ್ಲಿ ಪ್ರಯೋಗಶಾಲೆ ಎನ್ನುವಂಥದ್ದು ಇರಲಿಲ್ಲ. ಒಂದು ಸಣ್ಣ ಕೋಣೆ, ತಗಡಿನ ಕೆಲಸ ಮಾಡುವ ಒಬ್ಬ ಕುಶಲಕರ್ಮಿ, ಸ್ವಂತ ಜೇಬಿನ ದುಡ್ಡು, ಇಷ್ಟೇ. ಹರ್ಟ್ಸ್ ಬಳಸಿದ ಅಲೆಗಳು ಉದ್ದವಾಗಿದ್ದವು. ಅವು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂದು ತೋರಿಸಲು ಭಾರಿ ಗಾತ್ರದ ಪಟ್ಟಕಗಳು ಬೇಕಾಗುತ್ತಿದ್ದವು. ಅಲೆಯನ್ನೇ ಚಿಕ್ಕದು ಮಾಡಿದರೆ ಉಪಕರಣವೂ ಮೇಜಿನ ಮೇಲೆ ಹಿಡಿಯುತ್ತದಲ್ಲವೇ ಎಂದು ಬೋಸ್ ಯೋಚಿಸಿದರು. ಸುಮಾರು 5 ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿದರು. ಗಂಧಕದಿಂದ ಮಸೂರ ಮಾಡಿದರು. ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕದ ಹಾಳೆಗಳ ನಡುವೆ ತೆಳು ತಗಡು ಸೇರಿಸಿ, ಅಲೆಗಳನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡುವ ಉಪಕರಣ ಮಾಡಿಕೊಂಡರು. ಹುರಿಗೊಳಿಸಿದ ಸೆಣಬಿನ ನಾರಿನ ಕಟ್ಟಿನಿಂದ ಅಲೆಗಳ ಕಂಪನದ ದಿಕ್ಕನ್ನು ತಿರುಗಿಸಿ ತೋರಿಸಿದರು. ಅಲೆಗಳನ್ನು ಸಾಗಿಸುವ ಲೋಹದ ಕೊಳವೆ, ಅವುಗಳನ್ನು ಸೇರಿಸಿಕೊಳ್ಳುವ ಕೊಂಬಿನಾಕಾರದ ಆಂಟೆನಾ, ಇವೆಲ್ಲ ಅವರ ಮೇಜಿನ ಮೇಲಿದ್ದವು. ನಾನು ಎಂಜಿನಿಯರಿಂಗ್ ಓದುವಾಗ ಮೈಕ್ರೋವೇವ್ ಪ್ರಯೋಗಾಲಯದಲ್ಲಿ ನೋಡಿದ ಉಪಕರಣಗಳ ಪೂರ್ವಜರು ಇವೇ. ಆದರೆ ಆಗ ನಮಗೆ ಯಾರೂ ಬೋಸ್ ಅವರ ಹೆಸರು ಹೇಳಿರಲಿಲ್ಲ.

1895ರಲ್ಲಿ ಕಲ್ಕತ್ತೆಯ ಟೌನ್ ಹಾಲ್‌ನಲ್ಲಿ ಅವರು ನಡೆಸಿದ ಸಾರ್ವಜನಿಕ ಪ್ರದರ್ಶನ ಹೆಸರಾಯಿತು. ತಂತಿಯ ಸಂಪರ್ಕವಿಲ್ಲದೆ, ನಡುವಿನ ಗೋಡೆಗಳನ್ನು ದಾಟಿ ಹೋದ ಅಲೆಗಳು ದೂರದ ಗಂಟೆಯನ್ನು ಬಾರಿಸಿದವು, ಸಿಡಿಮದ್ದನ್ನು ಹೊತ್ತಿಸಿದವು. ಅದೇ ವರ್ಷ ಅವರ ಮೊದಲ ಪ್ರಬಂಧ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಮುಂದೆ ಬಂತು. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಡಿ.ಎಸ್ಸಿ. ಕೊಟ್ಟಿತು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ, ಫ್ಯಾರಡೆ ಉಪನ್ಯಾಸ ನೀಡಿದ್ದ ಅದೇ ವೇದಿಕೆಯಲ್ಲಿ, ಬೋಸ್ ತಮ್ಮ ಉಪಕರಣಗಳನ್ನು ತೋರಿಸಿದರು. ಲಾರ್ಡ್ ಕೆಲ್ವಿನ್‌ರಂಥ ವಿಜ್ಞಾನಿಗಳು ಅವರ ಕೆಲಸವನ್ನು ಮೆಚ್ಚಿದರು.

ಈಗ ಮಾರ್ಕೋನಿಯ ವಿಷಯಕ್ಕೆ ಬರೋಣ. ಗುಲ್ಯೆಲ್ಮೊ ಮಾರ್ಕೋನಿ ಇಟಲಿಯ ಬೊಲೊನ್ಯಾದವನು, ಬೋಸ್ ಅವರಿಗಿಂತ ಹದಿನೈದು ವರ್ಷ ಚಿಕ್ಕವನು. 1895ರಲ್ಲಿ ತನ್ನ ತಂದೆಯ ಎಸ್ಟೇಟಿನಲ್ಲಿ ಪ್ರಯೋಗ ಮಾಡಿ, 1896ರಲ್ಲಿ ಇಂಗ್ಲೆಂಡಿಗೆ ಬಂದು ಜೂನ್ 2ರಂದು ಪೇಟೆಂಟಿಗೆ ಅರ್ಜಿ ಹಾಕಿದ. 1897ರಲ್ಲಿ ಕಂಪನಿ ಕಟ್ಟಿದ. ಬೋಸ್ ಕೇಳಿದ ಪ್ರಶ್ನೆ ಈ ಅಲೆಗಳ ಗುಣವೇನು ಎಂಬುದು. ಮಾರ್ಕೋನಿ ಕೇಳಿದ ಪ್ರಶ್ನೆ ಇವುಗಳಿಂದ ಎಷ್ಟು ದೂರ ಸುದ್ದಿ ಕಳಿಸಬಹುದು ಎಂಬುದು. ಪ್ರಶ್ನೆ ಬೇರೆಯಾದ್ದರಿಂದ ದಾರಿಯೂ ಬೇರೆಯಾಯಿತು. ಬೋಸ್ ಅಲೆಗಳನ್ನು ಚಿಕ್ಕದು ಮಾಡುತ್ತ ಹೋದರು. ಮಾರ್ಕೋನಿ ಆಂಟೆನಾವನ್ನು ಎತ್ತರ ಮಾಡುತ್ತ, ಅಲೆಗಳನ್ನು ಉದ್ದ ಮಾಡುತ್ತ ಹೋದ. ದೂರ ಸಾಗಲು ಉದ್ದದ ಅಲೆಗಳೇ ಆಗ ನೆರವಾದವು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಮೂರು ಚುಕ್ಕಿಗಳ ಸಂಕೇತವನ್ನು ಅಟ್ಲಾಂಟಿಕ್‌ನ ಆಚೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿದ್ದಾಗಿ ಮಾರ್ಕೋನಿ ಪ್ರಕಟಿಸಿದ. ಜಗತ್ತೇ ಬೆರಗಾಯಿತು. 1909ರಲ್ಲಿ ಜರ್ಮನಿಯ ಬ್ರೌನ್ ಜೊತೆಗೆ ನೊಬೆಲ್ ಬಂತು.

ಇಲ್ಲಿಯೇ ವಿವಾದದ ಗಂಟು ಇರುವುದು. ಅಂದು ಮಾರ್ಕೋನಿ ಬಳಸಿದ ಗ್ರಾಹಕಗಳಲ್ಲಿ ಒಂದು, ಪಾದರಸದ ಹನಿಯುಳ್ಳ, ತಟ್ಟುವ ಅಗತ್ಯವಿಲ್ಲದೆ ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳುವ ಕೊಹೀರರ್. ಅದನ್ನು ಅವನಿಗೆ ಕೊಟ್ಟದ್ದು ಇಟಲಿಯ ನೌಕಾಪಡೆಯ ಅಧಿಕಾರಿ, ಮಿತ್ರ ಲುಯಿಜಿ ಸೊಲಾರಿ. ಅದನ್ನು ಮೊದಲು ಮಾಡಿದವರು ಯಾರೆಂದು ಇಟಲಿಯಲ್ಲೇ ಜಗಳವಾಯಿತು. ಆದರೆ ಪಾದರಸ ಮತ್ತು ಕಬ್ಬಿಣ ಬಳಸಿ, ಟೆಲಿಫೋನಿಗೆ ಜೋಡಿಸಿದ ಇಂಥದೇ ಗ್ರಾಹಕದ ವಿವರವನ್ನು ಬೋಸ್ 1899ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟು ಪ್ರಕಟಿಸಿದ್ದರು. ಸುಮಾರು ನೂರು ವರ್ಷದ ನಂತರ, 1998ರಲ್ಲಿ, ಪ್ರಬೀರ್ ಬಂದ್ಯೋಪಾಧ್ಯಾಯ ಎಂಬ ಎಂಜಿನಿಯರ್ ಐ.ಇ.ಇ.ಇ. ಪತ್ರಿಕೆಯಲ್ಲಿ ಈ ಎಳೆಯನ್ನು ಬಿಡಿಸಿ, ಅಟ್ಲಾಂಟಿಕ್ ದಾಟಿದ ಸಂಕೇತ ಹಿಡಿದದ್ದು ಬೋಸ್ ಅವರ ಗ್ರಾಹಕವೇ ಎಂದು ವಾದಿಸಿದರು. ಇಟಲಿಯಲ್ಲಿ ಅದು ಸ್ವತಂತ್ರವಾಗಿ ರೂಪುಗೊಂಡಿತು ಎನ್ನುವವರೂ ಇದ್ದಾರೆ.

ಹಾಗಾದರೆ ಮಾರ್ಕೋನಿ ಕದ್ದನೇ? ಪ್ರತಿವರ್ಷ ನವೆಂಬರ್ 30 ಬಂದರೆ ವಾಟ್ಸ್ಆ್ಯಪ್‌ನಲ್ಲಿ ಹೀಗೆಂದು ಸಂದೇಶಗಳು ಓಡಾಡುತ್ತವೆ. ನಾನೂ ಕೆಲವನ್ನು ಮುಂದಕ್ಕೆ ಕಳಿಸಿದ್ದೇನೆ. ಓದಿದ ಮೇಲೆ ಕೈ ತಡೆಯಿತು. ಹಕ್ಕು ಹೇಳಬಲ್ಲವರು ಇಬ್ಬರೇ ಅಲ್ಲ. ರಷ್ಯಾದ ಪೊಪೋವ್ 1895ರ ಮೇ 7ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತಮ್ಮ ಗ್ರಾಹಕವನ್ನು ತೋರಿಸಿದರು. ಆ ದೇಶದಲ್ಲಿ ಇಂದಿಗೂ ಅದೇ ರೇಡಿಯೋ ದಿನ. ನಿಕೊಲಾ ಟೆಸ್ಲಾ 1893ರಲ್ಲೇ ತಂತಿಯಿಲ್ಲದೆ ಶಕ್ತಿ ಮತ್ತು ಸುದ್ದಿ ಕಳಿಸುವ ಬಗ್ಗೆ ಉಪನ್ಯಾಸ ನೀಡಿದ್ದರು. 1943ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಾರ್ಕೋನಿ ಕಂಪನಿಯ ಮುಖ್ಯ ಪೇಟೆಂಟೊಂದನ್ನು, ಲಾಡ್ಜ್, ಟೆಸ್ಲಾ ಮತ್ತು ಸ್ಟೋನ್ ಅವರ ಹಿಂದಿನ ಕೆಲಸದ ಮುಂದೆ ನಿಲ್ಲದು ಎಂದು ತಳ್ಳಿಹಾಕಿತು. ಕೋರ್ಟು ರೇಡಿಯೋ ಕಂಡುಹಿಡಿದದ್ದು ಟೆಸ್ಲಾ ಎಂದು ತೀರ್ಪು ಕೊಟ್ಟಿತೆಂದು ಹಲವರು ಹೇಳುತ್ತಾರೆ. ಅದು ನಿಜವಲ್ಲ. ಅಲೆಗಳನ್ನು ಬೇರೆಬೇರೆ ಸ್ಥಾನಕ್ಕೆ ಶ್ರುತಿ ಮಾಡುವ ಒಂದು ವಿಧಾನದ ಬಗ್ಗೆ ಮಾತ್ರ ಆ ತೀರ್ಪು. ಆ ತೀರ್ಪು ಬರುವ ಐದು ತಿಂಗಳ ಮೊದಲೇ ಟೆಸ್ಲಾ ತೀರಿಕೊಂಡಿದ್ದರು.

ಬೋಸ್ ಅವರಾದರೋ ದೂರದ ಸುದ್ದಿ ಸಾಗಣೆಯ ವ್ಯವಸ್ಥೆ ಕಟ್ಟಲು ಹೋಗಲೇ ಇಲ್ಲ, ರೇಡಿಯೋ ತನ್ನದೆಂದು ಜಗಳವಾಡಲೂ ಇಲ್ಲ. 1901ರಲ್ಲಿ ಲಂಡನ್ನಿನಲ್ಲಿ ಒಂದು ಟೆಲಿಗ್ರಾಫ್ ಕಂಪನಿಯ ಮಾಲೀಕ ಅವರನ್ನು ಹುಡುಕಿಕೊಂಡು ಬಂದು, ಪೇಟೆಂಟ್ ಪಡೆದು ಲಾಭದಲ್ಲಿ ಅರ್ಧ ಕೊಡುತ್ತೇನೆ ಎಂದ. ಬೋಸ್ ಒಪ್ಪಲಿಲ್ಲ. ಹಣದ ಆಸೆಯ ಆ ಸುಳಿಗೆ ಒಮ್ಮೆ ಸಿಕ್ಕಿದರೆ ಹೊರಬರುವ ದಾರಿಯಿಲ್ಲ ಎಂಬ ತಮ್ಮ ಭಯವನ್ನು ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರದಲ್ಲಿ ತೋಡಿಕೊಂಡರು. ಹಿತೈಷಿಗಳಾದ ಸಾರಾ ಬುಲ್ ಮತ್ತು ಸೋದರಿ ನಿವೇದಿತಾ ಬಿಡದೆ ಒತ್ತಾಯಿಸಿದ್ದರಿಂದ ಅಮೆರಿಕದಲ್ಲಿ ಒಂದು ಅರ್ಜಿ ಸಲ್ಲಿಕೆಯಾಗಿ 1904ರಲ್ಲಿ ಪೇಟೆಂಟ್ ಬಂತು. ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ಅಲೆಗಳನ್ನು ಪತ್ತೆಹಚ್ಚುವ ಉಪಕರಣ ಅದು. ಅರೆವಾಹಕ ಬಳಸಿದ ಉಪಕರಣಕ್ಕೆ ಸಿಕ್ಕ ಅತಿ ಹಳೆಯ ಪೇಟೆಂಟ್‌ಗಳಲ್ಲಿ ಒಂದು. ಅದರಿಂದ ಅವರು ಹಣ ಮಾಡಲಿಲ್ಲ. ಬೇರೆಯವರು ಮಾಡಿದ ಹರಳಿನ ರೇಡಿಯೋಗಳು ಮುಂದೆ ಮನೆಮನೆಯಲ್ಲಿ ಮಾತನಾಡಿದವು.

ಅಷ್ಟರಲ್ಲಿ ಬೋಸ್ ಅವರ ಮನಸ್ಸು ಗಿಡಗಳ ಕಡೆ ತಿರುಗಿತ್ತು. ಕೊಹೀರರ್‌ಗಳೂ ಸತತ ಕೆಲಸದಿಂದ ದಣಿದಂತೆ ವರ್ತಿಸುವುದನ್ನು ಕಂಡು, ಜೀವವಿರುವ ಮತ್ತು ಇಲ್ಲದ ವಸ್ತುಗಳ ಪ್ರತಿಕ್ರಿಯೆಯನ್ನು ಹೋಲಿಸತೊಡಗಿದರು. ಮುಟ್ಟಿದರೆ ಮುನಿ ಗಿಡದಲ್ಲಿ ವಿದ್ಯುತ್ ಸಂಕೇತಗಳನ್ನು ಅಳೆದರು. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ನಿರ್ಮಿಸಿದರು. ಇಂಗ್ಲೆಂಡಿನ ಶರೀರವಿಜ್ಞಾನಿಗಳು ಕಟುವಾಗಿ ವಿರೋಧಿಸಿದರು. ಅವರ ಕೆಲವು ವ್ಯಾಖ್ಯಾನಗಳನ್ನು ವಿಜ್ಞಾನ ಒಪ್ಪಿಲ್ಲ, ಆದರೆ ಗಿಡಗಳಲ್ಲಿ ವಿದ್ಯುತ್ ಸಂಕೇತ ಹರಿಯುತ್ತದೆ ಎಂಬುದು ಇಂದು ಒಪ್ಪಿತವಾದ ಸಂಗತಿ. 1915ರಲ್ಲಿ ನಿವೃತ್ತಿ, 1917ರಲ್ಲಿ ಸರ್ ಪದವಿ, 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. 1917ರ ನವೆಂಬರ್ 30ರಂದು ಕಲ್ಕತ್ತೆಯಲ್ಲಿ ಬಸು ವಿಜ್ಞಾನ ಮಂದಿರವನ್ನು ತೆರೆದಾಗ, ಇಲ್ಲಿನ ಶೋಧಗಳೆಲ್ಲ ಎಲ್ಲರ ಸ್ವತ್ತು, ಇಲ್ಲಿಂದ ಪೇಟೆಂಟ್ ತೆಗೆದುಕೊಳ್ಳುವುದಿಲ್ಲ ಎಂದು ಸಾರಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರ ಪಾಠ ಕೇಳಿದವರಲ್ಲಿ ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಇದ್ದರು. ಬಂಗಾಳಿ ಭಾಷೆಯಲ್ಲಿ ಮಕ್ಕಳಿಗೂ ತಿಳಿಯುವಂತೆ ವಿಜ್ಞಾನ ಬರೆದರು.

1937ರ ಜುಲೈ 20ರಂದು ಮಾರ್ಕೋನಿ ತೀರಿಕೊಂಡಾಗ ರೇಡಿಯೋ ನಿಲಯಗಳು ಎರಡು ನಿಮಿಷ ಮೌನವಾದವು. ನಾಲ್ಕು ತಿಂಗಳ ನಂತರ, ನವೆಂಬರ್ 23ರಂದು, ಗಿರಿಡೀಹ್‌ನಲ್ಲಿ ಬೋಸ್ ತೀರಿಕೊಂಡರು. ಇನ್ನು ಏಳು ದಿನಕ್ಕೆ ಎಪ್ಪತ್ತೊಂಬತ್ತು ತುಂಬುತ್ತಿತ್ತು. ಅದಕ್ಕೆ ಎರಡು ವರ್ಷ ಮೊದಲು, 1935ರಲ್ಲಿ, ನಮ್ಮ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ತಮ್ಮ ಮನೆಯಲ್ಲೇ ಬಾನುಲಿ ನಿಲಯವೊಂದನ್ನು ಆರಂಭಿಸಿದ್ದರು. ಆಕಾಶವಾಣಿ ಎಂಬ ಅದರ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಹೆಸರಾಯಿತು. 2012ರಲ್ಲಿ ಐ.ಇ.ಇ.ಇ. ಸಂಸ್ಥೆ ಬೋಸ್ ಅವರ 1894–96ರ ಮಿಲಿಮೀಟರ್ ಅಲೆಗಳ ಪ್ರಯೋಗವನ್ನು ತನ್ನ ಮೈಲಿಗಲ್ಲುಗಳ ಪಟ್ಟಿಗೆ ಸೇರಿಸಿತು. ಇಂದಿನ 5ಜಿ ತಂತ್ರಜ್ಞಾನದ ಅತಿ ವೇಗದ ಭಾಗ ಮಿಲಿಮೀಟರ್ ಅಲೆಗಳನ್ನೇ ನೆಚ್ಚಿಕೊಂಡಿದೆ.

ಈಗ ಕಾರಣ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ನಂತರ ಒಂದು ಸಭೆಯಲ್ಲಿ ನಮ್ಮ ತಂಡದ ಕೆಲಸವನ್ನು ಮೇಲಿನವರಿಗೆ ನಾನು ವಿವರಿಸಿದೆ. ಅದರ ಕಷ್ಟದ ಭಾಗವನ್ನು ಬಿಡಿಸಿದ್ದು ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ. ಅವನ ಹೆಸರು ಹೇಳಲು ನನಗೆ ಮರೆತುಹೋಯಿತು. ಮರೆತೆ ಎಂದು ಆಗ ಅಂದುಕೊಂಡೆ. ಮೆಚ್ಚುಗೆ ನನಗೆ ಬಂತು. ಮೂಲೆಯಲ್ಲಿ ಕೂತಿದ್ದ ಅವನು ಏನೂ ಹೇಳಲಿಲ್ಲ. ಅಂದು ರಾತ್ರಿ ನನಗೆ ಬಸ್ಸು, ಮೇಷ್ಟ್ರು, ಆ ಸ್ಟೀಲ್ ಲೋಟ ನೆನಪಾದವು. ಮರುದಿನ ಎಲ್ಲರಿಗೂ ಮೇಲ್ ಬರೆದು ಆ ಭಾಗ ಅವನದು ಎಂದು ತಿಳಿಸಿದೆ. ನಾಲ್ಕು ಸಾಲು ಬರೆಯಲು ಒಂದು ಗಂಟೆ ಹಿಡಿಯಿತು. ಬೋಸ್ ಅವರ ಬಗ್ಗೆ ಕೂತು ಓದಲು ಶುರುಮಾಡಿದ್ದು ಆ ವಾರವೇ.

ಪ್ರಿಯ ವಿದ್ಯಾರ್ಥಿಗಳೇ, ಹಕ್ಕು ಕೇಳದಿರುವುದು ಬೋಸ್ ಅವರ ದೊಡ್ಡತನ. ಆದರೆ ಕೇಳಲಿಲ್ಲವೆಂದು ಸಲ್ಲಬೇಕಾದ್ದನ್ನು ಸಲ್ಲಿಸದಿರುವುದು ನಮ್ಮ ಸಣ್ಣತನವಾಗುತ್ತದೆ. ಹಾಗೆಯೇ, ಅವರನ್ನು ಎತ್ತಿಹಿಡಿಯಲು ಮಾರ್ಕೋನಿಯನ್ನು ಕಳ್ಳ ಎನ್ನಬೇಕಾಗಿಲ್ಲ. ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿದರು, ಹರ್ಟ್ಸ್ ಅಲೆ ಹುಟ್ಟಿಸಿದರು, ಬ್ರಾನ್ಲಿ ಮತ್ತು ಲಾಡ್ಜ್ ಹಿಡಿದರು, ಬೋಸ್ ಅದರ ಗುಣ ತಿಳಿದು ಒಳ್ಳೆಯ ಗ್ರಾಹಕಗಳನ್ನು ಮಾಡಿದರು, ಪೊಪೋವ್ ಮತ್ತು ಟೆಸ್ಲಾ ತಮ್ಮ ಪಾಲು ಕೊಟ್ಟರು, ಮಾರ್ಕೋನಿ ಎಲ್ಲವನ್ನೂ ಕೂಡಿಸಿ ಸಮುದ್ರ ದಾಟಿಸಿದ. ಮುಂದೆ ಯಾರಾದರೂ ರಸಪ್ರಶ್ನೆಯಲ್ಲಿ ರೇಡಿಯೋ ಕಂಡುಹಿಡಿದವರು ಯಾರು ಎಂದು ಕೇಳಿದರೆ, ಅಂಕಕ್ಕಾಗಿ ಒಂದು ಹೆಸರು ಹೇಳಿ. ಮನೆಗೆ ಬಂದ ಮೇಲೆ ಉಳಿದ ಹೆಸರುಗಳನ್ನೂ ಓದಿಕೊಳ್ಳಿ.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಅಂದಿನ ಅಂಕದಲ್ಲಿ ಅರ್ಧ ಆಕೆಗೆ ಸೇರಬೇಕು. ಗೆದ್ದ ಖುಷಿಯಲ್ಲಿದ್ದ ಹುಡುಗನಿಗೆ ಆ ದಿನವೇ ಈ ಮಾತು ಹೇಳಿದ ನಮ್ಮ ಮೇಷ್ಟ್ರಿಗೆ, ಅಂಥ ಗುರುಗಳನ್ನು ಕೊಟ್ಟ ಈ ಶಾಲೆಗೆ ನನ್ನ ನಮಸ್ಕಾರಗಳು.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು (2005ರ ಎಸ್ಸೆಸ್ಸೆಲ್ಸಿ ತಂಡ)